ನೆಂಟರಲ್ಲದವರು ಬೇಕಾಗಿದ್ದಾರೆ

ಚಿತ್ರ ಬರೆಯುವುದು ಕಷ್ಟ ಅಂತ ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಹಾಳೆ ಇದ್ದರೆ, ಬಣ್ಣ ಇದ್ದರೆ, ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದರ ಪಾಡಿಗೆ ಅದು ಆಗುತ್ತದೆ. ಕಷ್ಟ ಇರುವುದು ನೋಡುವವರನ್ನು ಹುಡುಕುವುದರಲ್ಲಿ. ನೋಡುವವರು ಅಂದರೆ ನೆಂಟರಲ್ಲ. ನೆಂಟರು ನೋಡುತ್ತಾರೆ, ಪಾಪ, ಇಲ್ಲ ಅನ್ನಬಾರದು. ಆದರೆ ಅವರು ಚಿತ್ರ ನೋಡುವುದು ಬಾಣಂತಿ ಮನೆಗೆ ಹೋಗಿ ಮಗು ನೋಡಿದ ಹಾಗೆ. ಮಗು ಹೇಗೇ ಇರಲಿ, ‘ಎಷ್ಟು ಲಕ್ಷಣವಾಗಿದೆ’ ಅನ್ನಬೇಕು, ಕೊಟ್ಟ ಕಾಫಿ ಕುಡಿಯಬೇಕು, ಎದ್ದು ಬರಬೇಕು. ನಮ್ಮ ಪೈಕಿಯವರು ಯಾರಾದರೂ ‘ಚೆನ್ನಾಗಿದೆ’ ಅಂದಾಗಲೆಲ್ಲ ಅದು ಚಿತ್ರಕ್ಕೆ ಅಂದದ್ದೋ, ಮುಂದಿಟ್ಟ ನಿಪ್ಪಟ್ಟಿಗೆ ಅಂದದ್ದೋ ನನಗೆ ಇವತ್ತಿಗೂ ತಿಳಿಯುವುದಿಲ್ಲ. ನಾನು ಯಾರ ಮಗಳು, ಯಾರ ಸೊಸೆ ಅಂತ ಗೊತ್ತಿಲ್ಲದ ಯಾರಾದರೂ ಒಬ್ಬರು ನನ್ನ ಚಿತ್ರದ ಮುಂದೆ ನಿಂತು, ಜೇಬಿಗೆ ಕೈ ಹಾಕಿ, ದುಡ್ಡು ಕೊಟ್ಟು ಅದನ್ನು ಕೊಂಡುಕೊಂಡು ಹೋಗಬೇಕು ಅನ್ನುವುದು ನನ್ನ ಆಸೆ. ದುಡ್ಡಿನ ಆಸೆ ಅಲ್ಲ, ದೇವರಾಣೆ. ಕೈಯಿಂದ ದುಡ್ಡು ಬಿಡುವಾಗ ಯಾರೂ ದಾಕ್ಷಿಣ್ಯಕ್ಕೆ ಸುಳ್ಳು ಹೇಳುವುದಿಲ್ಲ ಅನ್ನುವ ನಂಬಿಕೆ, ಅಷ್ಟೇ.

ಇದೇನು ಮಹಾ ಆಸೆ ಅಂತ ನೀವು ಕೇಳಬಹುದು. ನೀವು ನಮ್ಮ ಕಡೆಯವರಲ್ಲ ಅಂತ ಅದರಿಂದಲೇ ಗೊತ್ತಾಗುತ್ತದೆ. ಕನಕಪುರ, ರಾಮನಗರ, ಚನ್ನಪಟ್ಟಣ, ಮಾಗಡಿ, ಈ ಸೀಮೆಯಲ್ಲಿ ಎಲ್ಲಿ ನಿಂತರೂ ಎದುರಿಗೆ ಬಂದವರು ಮೊದಲು ಕೇಳುವುದು ‘ಯಾವೂರು?’ ಅಂತ. ಊರು ಹೇಳಿ ಬಚಾವಾದೆ ಅಂದುಕೊಳ್ಳಬೇಡಿ. ಆ ಊರಲ್ಲಿ ಯಾರ ಮನೆ ಅನ್ನುವುದು ಎರಡನೆಯದು. ಹೆಣ್ಣು ಎಲ್ಲಿಂದ ತಂದಿದ್ದಾರೆ, ಎಲ್ಲಿಗೆ ಕೊಟ್ಟಿದ್ದಾರೆ ಅನ್ನುವುದು ಆಮೇಲಿನದು. ಅಷ್ಟು ಹೊತ್ತಿಗೆ ನೀವು ಅವರಿಗೆ ಬೀಗರೋ, ಷಡ್ಡಕರೋ, ಕೊನೆಗೆ ಬೀಗರ ಪೈಕಿಯವರೋ ಆಗಿಹೋಗಿರುತ್ತೀರಿ. ರಕ್ತಸಂಬಂಧ ಸಿಗಲಿಲ್ಲವೋ, ಊರ ವರಸೆ ಅಂತ ಒಂದಿದೆ. ಒಂದೇ ಊರಿನ ನೀರು ಕುಡಿದವರು, ಯಾವ ಜಾತಿಯಾಗಲಿ, ಒಬ್ಬರಿಗೊಬ್ಬರು ಅಣ್ಣನೋ, ಮಾವನೋ, ಚಿಕ್ಕಮ್ಮನೋ ಆಗಲೇಬೇಕು. ಹಾಗಾಗಿ ನಮ್ಮಲ್ಲಿ ಅಪರಿಚಿತರು ಅನ್ನುವ ಜನವೇ ಇಲ್ಲ. ಇನ್ನೂ ಮಾತಾಡಿಸದೆ ಇರುವ ನೆಂಟರು ಇರುತ್ತಾರೆ.

ನಾನು ಬರೆಯುವುದು ಕುರಿಗಳನ್ನು. ಬೇರೆ ಏನೂ ಅಲ್ಲ, ಬರೀ ಕುರಿ. ನಮ್ಮ ಮಾವನವರ ಊರು ದೊಡ್ಡಆಲಹಳ್ಳಿ. ಮದುವೆಯಾಗಿ ಹೋದ ಹೊಸದರಲ್ಲಿ ಆ ತುಂಬಿದ ಮನೆಯಲ್ಲಿ ನನ್ನನ್ನು ಏನೂ ಕೇಳದೆ ಸುಮ್ಮನೆ ನಿಲ್ಲುತ್ತಿದ್ದವು ಅಂದರೆ ಕುರಿಗಳೇ. ಮಧ್ಯಾಹ್ನದ ಬಿಸಿಲಿಗೆ ಒಂದರ ಹೊಟ್ಟೆ ಕೆಳಗೆ ಇನ್ನೊಂದು ತಲೆ ತೂರಿಸಿಕೊಂಡು ಗುಂಪಾಗಿ ನಿಂತುಬಿಡುತ್ತವೆ, ನೋಡಿದ್ದೀರಲ್ಲ? ಅಷ್ಟು ಹೊತ್ತು ಅಲುಗಾಡದೆ ನಿಲ್ಲುವ ಮನುಷ್ಯರು ಎಲ್ಲಿ ಸಿಗುತ್ತಾರೆ? ನಮ್ಮನೆಯವರಿಗೆ ವಿದ್ಯುತ್ ಇಲಾಖೆಯಲ್ಲಿ ಮೀಟರ್ ಓದುವ ಕೆಲಸವಾಗಿ, ಕನಕಪುರಕ್ಕೆ ಬಂದು ಮನೆ ಮಾಡಿದ ಮೇಲೂ ನನ್ನ ಕೈ ಅದನ್ನೇ ಹಿಡಿದುಕೊಂಡಿತು. ಈಗ ಅವರು ರಿಟೈರಾಗಿದ್ದಾರೆ, ನಾನು ಆಗಿಲ್ಲ.

ಎರಡು ವರ್ಷದ ಹಿಂದೆ ಕನಕಪುರದಲ್ಲೇ ಒಂದು ಸಮುದಾಯ ಭವನ ಹಿಡಿದು ಮೊದಲ ಪ್ರದರ್ಶನ ಮಾಡಿದೆ. ಜನ ಬರುತ್ತಾರೋ ಇಲ್ಲವೋ ಅಂತ ನನಗೆ ಹೆದರಿಕೆ. ಬಂದರು, ಧಾರಾಳವಾಗಿ ಬಂದರು. ಎಲ್ಲರೂ ನೆಂಟರೇ. ಬರಿಗೈಲಿ ಬರಬಾರದು ಅಂತ ಬಾಳೆಹಣ್ಣು, ತೆಂಗಿನಕಾಯಿ ತಂದರು. ನನ್ನ ಓರಗಿತ್ತಿ ಮಡಿಲಕ್ಕಿ ಕೂಡ ತಂದಿದ್ದಳು. ಆಮೇಲೆ ಚಿತ್ರ ನೋಡಿದರು. ನೋಡುವುದೇನು, ಸಂತೆಯಲ್ಲಿ ಹಲ್ಲು ಎಣಿಸಿ ವಯಸ್ಸು ಹೇಳುವವರ ಹಾಗೆ ನಿಂತು ಇದು ಎರಡು ಹಲ್ಲಿನ ಟಗರು, ಅಲ್ಲ ನಾಲ್ಕು ಹಲ್ಲಿನದು ಅಂತ ವಾದಕ್ಕೆ ಬಿದ್ದರು. ನಾನು ಬರೆದ ಯಾವ ಕುರಿಯೂ ಬಾಯಿ ತೆರೆದಿಲ್ಲ, ಹಲ್ಲು ಇವರಿಗೆ ಎಲ್ಲಿ ಕಂಡಿತೋ ಶಿವನೇ ಬಲ್ಲ. ಒಬ್ಬ ಭಾವನವರು ಬಹಳ ಹೊತ್ತು ಒಂದು ಚಿತ್ರವನ್ನು ದಿಟ್ಟಿಸಿದರು. ನನಗೆ ಎದೆ ಹಿಗ್ಗಿತು. ಕೊನೆಗೆ ನನ್ನ ಕಡೆ ತಿರುಗಿ, ಇದು ಎಷ್ಟು ಕೆಜಿ ಬೀಳಬಹುದು ಅಂತ ಕೇಳಿದರು.

ಅದಾದರೂ ಹೋಗಲಿ ಅನ್ನಿ. ಹೊರಡುವಾಗ ಏನು ಮಾಡಿದರು ಗೊತ್ತೆ? ಮದುವೆ ಮನೆಯಲ್ಲಿ ತಾಂಬೂಲ ತೆಗೆದುಕೊಂಡು ಹೋಗುವುದಿಲ್ಲವೆ, ಹಾಗೆ ಒಬ್ಬೊಬ್ಬರೂ ಒಂದೊಂದು ಚಿತ್ರ ತೆಗೆದುಕೊಂಡು ಹೊರಟರು. ಇದು ನಮ್ಮನೆ ಹಾಲಿಗೆ ಸರಿಹೋಗುತ್ತದೆ, ಇದು ಮಗಳ ಮನೆಗೆ ಆಗುತ್ತದೆ ಅಂತ ಅವರವರೇ ಹಂಚಿಕೊಂಡರು. ನೆಂಟರು ಚಿತ್ರ ಕೊಳ್ಳುವುದಿಲ್ಲ, ಒಯ್ಯುತ್ತಾರೆ. ನಮ್ಮನೆಯವರು ಬಾಗಿಲಲ್ಲಿ ಕೂತು ಹಳೇ ಪೇಪರು, ದಾರ ಇಟ್ಟುಕೊಂಡು ಬಲು ಉತ್ಸಾಹದಿಂದ ಕಟ್ಟಿಕೊಟ್ಟರು. ಅವತ್ತು ಹೋದ ಒಂದು ಚಿತ್ರ ಈಗ ನನ್ನ ನಾದಿನಿಯ ಮನೆಯಲ್ಲಿ ಮೀಟರ್ ಬೋರ್ಡು ಕಾಣಿಸದ ಹಾಗೆ ಅದರ ಮುಂದೆ ನೇತಾಡುತ್ತಿದೆ. ಅದನ್ನು ಕಂಡು ನಮ್ಮನೆಯವರಿಗೂ ಬಹಳ ಬೇಜಾರಾಯಿತು, ಮೀಟರ್ ಓದಲು ಬರುವವನಿಗೆ ತೊಂದರೆಯಾಗುತ್ತದಲ್ಲ ಅಂತ.

ಆ ನಾದಿನಿಯ ಮಗಳು ಸಿಂಧು. ಮೈಸೂರಿನಲ್ಲಿ ಕಲಾವಿದರಿಗೆ ವೆಬ್‌ಸೈಟು ಮಾಡಿಕೊಡುವುದು, ಮಾರಾಟದ ದಾರಿ ಹೇಳಿಕೊಡುವುದು ಅವಳ ಕೆಲಸ. ಮನೆಯ ಮೀಟರ್ ಬೋರ್ಡು ನೋಡಿ ಅವಳಿಗೆ ನಾಚಿಕೆಯಾಗಿರಬೇಕು, ಒಂದು ಭಾನುವಾರ ಬಂದು ನನ್ನ ಮುಂದೆ ಲ್ಯಾಪ್‌ಟಾಪ್ ಬಿಚ್ಚಿ ಕೂತಳು. ಫೋನಿನಲ್ಲಿ ಲೈಕು ಒತ್ತುವ ಜಾಗಗಳೆಲ್ಲ ಬಾಡಿಗೆ ಮನೆ ಇದ್ದ ಹಾಗೆ ಅತ್ತೆ, ಮಾಲೀಕ ಯಾವಾಗ ಬೇಕಾದರೂ ಎಬ್ಬಿಸುತ್ತಾನೆ, ಕಲಾವಿದರಿಗೆ ಸ್ವಂತ ಮನೆ ಅಂದರೆ ಮೇಲಿಂಗ್ ಲಿಸ್ಟು ಅಂದಳು. ನಿಮ್ಮ ಚಿತ್ರ ಇಷ್ಟಪಡುವವರ ಈಮೇಲ್ ವಿಳಾಸ ಒಂದೊಂದೇ ಸೇರಿಸುತ್ತಾ ಹೋಗಬೇಕು, ತಿಂಗಳಿಗೊಂದು ಕಾಗದ ಬರೆಯಬೇಕು, ಕೊನೆಗೆ ಅವರೇ ಬಂದು ಕೊಳ್ಳುತ್ತಾರೆ ಅಂದಳು. ಕೇಳುವುದಕ್ಕೆ ಹಾಲಿಗೆ ಹೆಪ್ಪು ಹಾಕಿದಷ್ಟು ಸುಲಭ. ನಾನು ಉತ್ಸಾಹದಿಂದ ಅಣ್ಣನ ಮನೆ, ಅಕ್ಕನ ಮನೆ ಅಂತ ಬೆರಳು ಮಡಿಸಲು ಶುರು ಮಾಡಿದೆ. ಸಿಂಧು ನನ್ನ ಕೈ ಹಿಡಿದುಕೊಂಡಳು.

“ಅತ್ತೆ, ನೆಂಟರು ಲೆಕ್ಕಕ್ಕಿಲ್ಲ. ನೀವು ಯಾರು ಅಂತ ಗೊತ್ತಿಲ್ಲದವರು ಬೇಕು.”

ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ನಮ್ಮನೆಯವರು ಜೋರಾಗಿ ನಕ್ಕರು. ಆಗ ಯಾಕೆ ನಕ್ಕರು ಅಂತ ನನಗೆ ಅರ್ಥವಾಗಲಿಲ್ಲ.

ಮೊದಲನೇ ಗಿರಾಕಿ ಸಿಕ್ಕಿದ್ದು ಕನಕಪುರದಿಂದ ರಾಮನಗರಕ್ಕೆ ಹೋಗುವ ಬಸ್ಸಿನಲ್ಲಿ. ನಾನು ಕಿಟಕಿ ಪಕ್ಕ ಕೂತು ಪುಟ್ಟ ಪುಸ್ತಕದಲ್ಲಿ ಗೀಚುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗಿ ಇಣುಕಿ ನೋಡಿ, ಬಲು ಚೆನ್ನಾಗಿದೆ ಅಂದಳು. ಕಾಲೇಜಿನಲ್ಲಿ ಪಾಠ ಮಾಡುವವಳಂತೆ. ಈಮೇಲ್ ಇದೆಯಾ ಅಂತ ಕೇಳಿದೆ. ನಮ್ಮ ಕಡೆ ಹೀಗೆ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, ಇದೆ, ಫೋನು ಕೊಂಡಾಗ ಅಂಗಡಿಯವನು ಮಾಡಿಕೊಟ್ಟಿದ್ದಾನೆ, ಅದರೊಳಕ್ಕೆ ಹೋಗುವುದು ಹೇಗೆ ಅಂತ ಅವನಿಗೇ ಗೊತ್ತು ಅನ್ನುವುದು. ಈ ಹುಡುಗಿಗೆ ಮಾತ್ರ ನಿಜವಾದ, ದಿನಾ ತೆರೆದು ನೋಡುವ ಈಮೇಲ್ ಇತ್ತು. ಖುಷಿಯಿಂದ ಬರೆದುಕೊಂಡೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಬಸ್ಸು ನಿಧಾನಕ್ಕೆ ಹೋಗುತ್ತಿತ್ತು, ಬಾಯಿ ಸುಮ್ಮನಿರಬೇಕಲ್ಲ? ಯಾವೂರಮ್ಮ ಅಂದೆ. ರಾಮನಗರ ಬರುವಷ್ಟರಲ್ಲಿ ಅವಳು ನಮ್ಮನೆಯವರ ಚಿಕ್ಕಪ್ಪನ ಮಗಳ ಮಗಳು ಅಂತ ತೀರ್ಮಾನವಾಯಿತು. ಅವಳು ಇಳಿಯುವಾಗ ನನ್ನ ಕಾಲು ಮುಟ್ಟಿ, “ಆ ಮೇಲು ಗೀಲು ಎಲ್ಲ ತೆಗೆದ್ಬುಡಿ ಅತ್ತೆ, ಮನೆಗೇ ಬತ್ತೀನಿ” ಅಂದಳು. ಹೇಳಿದ ಹಾಗೆ ಮುಂದಿನ ವಾರವೇ ಅಪ್ಪ ಅಮ್ಮನನ್ನು ಕರೆದುಕೊಂಡು, ಒಂದು ಚೀಲ ಬದನೆಕಾಯಿ ಹೊತ್ತುಕೊಂಡು ಬಂದಳು. ಹೋಗುವಾಗ ಒಂದು ಚಿತ್ರ ಒಯ್ದಳು ಅಂತ ಬೇರೆ ಹೇಳಬೇಕಾಗಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಅದು ಸಿಂಧುವಿಗೂ ಗೊತ್ತಿರಲಿಲ್ಲ. ನೆಂಟರಿಗೆ ಈಮೇಲ್ ಕಳಿಸುವುದು ನಮ್ಮಲ್ಲಿ ಅವಮಾನ. ಮನೆಗೆ ಹೋಗಿ, ಕುಂಕುಮ ಕೊಟ್ಟು ಕರೆಯಬೇಕಾದವರಿಗೆ ಊರಿಗೆಲ್ಲ ಕಳಿಸಿದ ಕಾಗದವನ್ನೇ ಕಳಿಸುವುದೆಂದರೆ ಬೀದಿಯಲ್ಲಿ ನಿಂತು ಕೂಗಿದ ಹಾಗೆ. ಮೊದಲ ತಿಂಗಳ ಕಾಗದ ಹೋದ ದಿನವೇ ನಾದಿನಿಯ ಫೋನು ಬಂತು. ನಾದಿನಿಯ ಹೆಸರನ್ನು ಪಟ್ಟಿಗೆ ಸೇರಿಸಿದ್ದು ನಾನೇ, ಸಿಂಧುವಿನ ಕಣ್ಣು ತಪ್ಪಿಸಿ. ಪಟ್ಟಿ ತೀರಾ ಬರಿದಾಗಿ ಕಾಣುತ್ತಿತ್ತು, ಏನು ಮಾಡಲಿ? ನಾವೇನು ಹೊರಗಿನವರಾ, ನಮಗೂ ಎಲ್ಲರಿಗೂ ಒಂದೇ ಕಾಗದವಾ, ಅಂತ ಆಕೆ ಅತ್ತೇಬಿಟ್ಟಳು. ಕಾಗದದ ಕೆಳಗೆ, ಬೇಡವಾದರೆ ಇಲ್ಲಿ ಒತ್ತಿ ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ನಮ್ಮವರು ಯಾರೂ ಒತ್ತುವುದಿಲ್ಲ, ಮುಖ ಮುರಿದ ಹಾಗಾಗುತ್ತದೆ. ಫೋನು ಮಾಡಿ ಜಗಳವಾಡಿ, ಊಟ ಆಯಿತಾ ಅಂತ ಕೇಳಿ, ಆಮೇಲೆ ಹೆಸರು ತೆಗೆಸುತ್ತಾರೆ. ಹೀಗೆ ನೆಂಟಸ್ತಿಕೆ ಬೆಳೆದ ಹಾಗೆ ಪಟ್ಟಿ ಸವೆಯುತ್ತಾ ಬಂತು. ಮೈಸೂರಿನಿಂದ ಸಿಂಧು ದಿನಾ ಲೆಕ್ಕ ನೋಡುತ್ತಿದ್ದಳು. ಬೆಳಿಗ್ಗೆ ಇದ್ದವರು ಸಂಜೆಗೆ ಯಾಕಿಲ್ಲ ಅತ್ತೆ ಅಂತ ಕೇಳುವಳು. ಅವರು ನಮ್ಮವರೇ ಅಂತ ಗೊತ್ತಾಯಿತು ಕಣೇ ಅಂತ ನಾನು ಹೇಳುವೆ. ಆ ಕಡೆ ನಿಟ್ಟುಸಿರು ಕೇಳಿಸುವುದು.

ನನಗೂ ಛಲ ಬಂತು. ನಮ್ಮ ಪೈಕಿ ಆಗುವುದಕ್ಕೆ ಸಾಧ್ಯವೇ ಇಲ್ಲದವರನ್ನು ಹುಡುಕಬೇಕು ಅಂತ ಯೋಚನೆ ಮಾಡಿ ಚನ್ನಪಟ್ಟಣಕ್ಕೆ ಹೋದೆ. ಅಲ್ಲಿ ಅನ್ವರ್ ಸಾಬರು ಅಂತ ಒಬ್ಬರಿದ್ದಾರೆ, ಅರಗು ಹಾಕಿ ಬೊಂಬೆ ಮಾಡುವವರು. ಅವರ ಅಂಗಡಿಯಲ್ಲಿ ಬಣ್ಣದ ಬಗ್ಗೆ ಮಾತಾಡುತ್ತಾ ಕೂತೆ. ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ಅವರು ಕನ್ನಡಕ ಹಾಕಿಕೊಂಡು, ಕನ್ನಡಕ ತೆಗೆದು, ಎರಡು ರೀತಿಯಲ್ಲೂ ನೋಡಿದರು. ಅರಿಶಿನದ ಬಣ್ಣ ಇನ್ನೂ ಒಸಿ ಕಮ್ಮಿ ಮಾಡಬಹುದಿತ್ತು ಅಂದರು. ನನಗೆ ಎಷ್ಟು ಸಂತೋಷವಾಯಿತು ಅಂತೀರಿ! ನನ್ನ ಚಿತ್ರದಲ್ಲಿ ತಪ್ಪು ಹುಡುಕಿದ ಮೊದಲ ಮನುಷ್ಯ ಅವರು. ನೆಂಟರು ಯಾರಾದರೂ ಹೀಗೆ ಹೇಳುತ್ತಾರೆಯೇ? ಈಮೇಲ್ ಕೊಟ್ಟರು, ಬರೆದುಕೊಂಡೆ. ಇನ್ನು ಎದ್ದು ಬರಬೇಕು, ಅಷ್ಟರಲ್ಲಿ ಅವರು ಟೀ ತರಿಸಿ, ನಿಮ್ಮ ತವರು ಯಾವುದಮ್ಮ ಅಂದರು. ಹೊಂಗನೂರು ಅಂದೆ. ಸಾಬರ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಅವರ ತಾಯಿಯೂ ಹೊಂಗನೂರಿನಲ್ಲಿ ಬೆಳೆದವರಂತೆ, ಅವರ ತಾತ ಅಲ್ಲಿ ರೇಷ್ಮೆ ನೂಲು ತೆಗೆಸುತ್ತಿದ್ದರಂತೆ. ತಾಯಿಯ ಹೆಸರು ಕೇಳಿದೆ. ಅಯ್ಯೋ, ನಮ್ಮಮ್ಮ ಸಾಯುವವರೆಗೂ ಅಕ್ಕ ಅಕ್ಕ ಅಂತ ನೆನೆಸಿಕೊಳ್ಳುತ್ತಿದ್ದ ಫಾತಿಮಕ್ಕ! ಅಕ್ಕ ಅಂದಮೇಲೆ ನನಗೆ ದೊಡ್ಡಮ್ಮ. ದೊಡ್ಡಮ್ಮನ ಮಗ ಅಂದಮೇಲೆ ಅಣ್ಣ. ಇಬ್ಬರ ಕಣ್ಣಲ್ಲೂ ನೀರು ಬಂತು. ಅಳುತ್ತಲೇ ನನಗೆ ಹೊಳೆಯಿತು, ಇವರೂ ಹೋದರು ಅಂತ.

“ಅಣ್ಣಂಗೆ ಮೇಲ್ ಹಾಕ್ತೀಯೇನವ್ವ? ಅಳಿಸಾಕು ಅದ್ನ” ಅಂದರು ಅನ್ವರಣ್ಣ. ಅಳಿಸಿದೆ. ಒಂದು ಬೊಂಬೆ ಕೊಟ್ಟು ಕಳಿಸಿದರು. ಆಮೇಲಿನಿಂದ ಹಬ್ಬಕ್ಕೆ ಅವರ ಮನೆಯಿಂದ ಬಿರಿಯಾನಿ ಬರುತ್ತದೆ, ಮಾವಿನ ಕಾಲಕ್ಕೆ ನಮ್ಮ ಮನೆಯಿಂದ ಹಣ್ಣು ಹೋಗುತ್ತದೆ. ಅರಿಶಿನದ ಬಣ್ಣದ ಬಗ್ಗೆ ಮಾತ್ರ ಅವರು ಮತ್ತೆ ಯಾವತ್ತೂ ತಪ್ಪು ಹೇಳಿಲ್ಲ. ಈಗ ಏನು ತೋರಿಸಿದರೂ, ನಮ್ ತಂಗಿ ಬರೆದ ಮೇಲೆ ಕೇಳಬೇಕಾ ಅನ್ನುತ್ತಾರೆ.

ಅಲ್ಲಿಗೆ ಸಿಂಧುವಿನ ತಾಳ್ಮೆ ಮುಗಿಯಿತು. ನೀವು ಜನರ ಹತ್ತಿರ ಮಾತಾಡುವುದೇ ಬೇಡ ಅತ್ತೆ ಅಂದಳು. ನನ್ನ ಚಿತ್ರ ಅಚ್ಚು ಹಾಕಿದ ಸಣ್ಣ ಕಾರ್ಡು ಮಾಡಿಸಿದಳು, ಅದರ ಹಿಂದೆ ಒಂದು ಕ್ಯೂಆರ್ ಕೋಡು. ಅದನ್ನು ಮೈಸೂರು ಬೆಂಗಳೂರಿನ ಪುಸ್ತಕದಂಗಡಿ, ಕಾಫಿ ಅಂಗಡಿಗಳಲ್ಲಿ ತಾನೇ ಇಟ್ಟು ಬಂದಳು. ಬೇಕಾದವರು ಫೋನು ಹಿಡಿದರೆ ಹೆಸರು, ಈಮೇಲು ಎರಡೇ ಕೇಳುತ್ತದೆ. ಊರು ಕೇಳುವ ಜಾಗವೇ ಇಲ್ಲ. ಊರು ಅಂತ ಒಂದು ಕಾಲಂ ಇಡೇ, ಸುಮ್ಮನೆ ಇರಲಿ ಅಂತ ನಾನು ಎಷ್ಟು ಗೋಗರೆದರೂ ಒಪ್ಪಲಿಲ್ಲ. ಪಟ್ಟಿ ಬೆಳೆಯಿತು ನೋಡಿ! ದಿನಾ ಒಂದೆರಡು ಹೆಸರು. ನನಗೆ ಸಂತೋಷವೋ ಸಂಕಟವೋ ಹೇಳಲಾರೆ. ಚಂದ್ರಕಲಾ ಅಂತ ಒಬ್ಬರು ಸೇರುತ್ತಾರೆ, ಯಾವ ಚಂದ್ರಕಲಾ? ಮಾಗಡಿ ಚಂದ್ರಕಲಾ ಆಗಿದ್ದರೆ ನಮ್ಮಕ್ಕನ ಜೊತೆ ಓದಿದವಳು. ಊಟ ಮಾಡುವಾಗಲೂ ಅದೇ ಯೋಚನೆ. ನಮ್ಮನೆಯವರು ಮಾತ್ರ, ಗೊತ್ತಿಲ್ಲದವರಿಗೆ ಕಾಗದ ಬರೆಯುವುದು ಚೆನ್ನಾಗಿರುತ್ತದೆ ಬಿಡು, ಯಾರೂ ನಿನ್ನ ಆರೋಗ್ಯ ವಿಚಾರಿಸುವುದಿಲ್ಲ ಅಂದರು.

ಮನಸ್ಸು ಗಟ್ಟಿ ಮಾಡಿಕೊಂಡು ಬರೆದೆ. ತಿಂಗಳಿಗೊಂದು ಚಿತ್ರ, ಅದನ್ನು ಬರೆದ ಕಥೆ. ಕಟ್ಟೆಯ ಮೇಲಿಟ್ಟಿದ್ದ ಹಾಳೆಯನ್ನು ಟಗರು ಬಣ್ಣದ ಸಮೇತ ತಿಂದದ್ದು, ಅಂಥವು. ಮೂರನೆಯ ಕಾಗದಕ್ಕೆ ಒಂದು ಉತ್ತರ ಬಂತು. ಮಹೇಶ ಅಂತ ಹೆಸರು, ಬೇರೆ ಏನೂ ಇಲ್ಲ. ಕುರಿಗಳ ಕಾಲ ಬುಡದ ನೆರಳಿಗೆ ನೀವು ನೀಲಿ ಹಾಕಿದ್ದೀರಿ ಮೇಡಂ, ಕಪ್ಪು ಹಾಕಿಲ್ಲ, ಸುಡುವ ಮಧ್ಯಾಹ್ನದಲ್ಲಿ ನೆರಳು ನಿಜವಾಗಿ ಹಾಗೇ ಕಾಣುತ್ತದೆ, ನಾನು ಚಿಕ್ಕವನಿದ್ದಾಗ ಅದನ್ನು ಹೇಳಿದರೆ ಯಾರೂ ನಂಬುತ್ತಿರಲಿಲ್ಲ ಅಂತ ಬರೆದಿದ್ದ. ನಾನು ಆ ಉತ್ತರವನ್ನು ಎಷ್ಟು ಸಲ ಓದಿದೆನೋ! ಇಷ್ಟು ವರ್ಷ ಆ ನೀಲಿಯನ್ನು ಹಚ್ಚುತ್ತಾ ಬಂದಿದ್ದೇನೆ, ಒಬ್ಬರೂ ಅದನ್ನು ಕಂಡಿರಲಿಲ್ಲ. ಹಲ್ಲು ಎಣಿಸಿದರು, ತೂಕ ಹೇಳಿದರು, ನೆರಳು ನೋಡಲಿಲ್ಲ. ಅವನ ಊರು ಕೇಳಿ ಬರೆಯೋಣ ಅಂತ ಬೆರಳು ತುರಿಸಿತು. ಸಿಂಧುವಿಗೆ ಮಾತು ಕೊಟ್ಟಿದ್ದೆ, ತಡೆದುಕೊಂಡೆ.

ಈ ಸಲದ ಪ್ರದರ್ಶನ ರಾಮನಗರದಲ್ಲಿ, ಒಂದು ಅಂಗಡಿಯ ಮೇಲಿನ ಸಣ್ಣ ಹಾಲಿನಲ್ಲಿ. ನೆಂಟರಿಗೆ ಯಾರಿಗೂ ಹೇಳಲಿಲ್ಲ, ಪಟ್ಟಿಗೆ ಮಾತ್ರ ಕಾಗದ ಹೋಯಿತು. ಸಿಂಧು ಮೈಸೂರಿನಿಂದ ಬಂದು ಎಲ್ಲ ಅಣಿ ಮಾಡಿದಳು. ಮಾರಾಟವಾದ ಚಿತ್ರದ ಪಕ್ಕ ಅಂಟಿಸುವುದಕ್ಕೆ ಕೆಂಪು ಚುಕ್ಕಿಗಳ ಹಾಳೆ ತಂದಿದ್ದಳು. ನಮ್ಮನೆಯವರು ತಾಲ್ಲೂಕಿನಲ್ಲಿ ಎಷ್ಟೋ ಊರುಗಳ ಮನೆಮನೆಯ ಮೀಟರ್ ಓದಿದವರು, ಯಾರನ್ನು ಕಂಡರೂ ಅವರ ಮನೆಯ ಗೋಡೆ ಸಮೇತ ಜ್ಞಾಪಕಕ್ಕೆ ಬರುತ್ತದೆ. ಹಾಗಾಗಿ ಅವರ ಕೈಗೆ ಪೇಪರು ಕೊಟ್ಟು ಮೂಲೆಯಲ್ಲಿ ಕೂರಿಸಿ, ತಲೆ ಎತ್ತಬ್ಯಾಡಿ ಮಾವ ಅಂತ ತಾಕೀತು ಮಾಡಿದಳು. ನನಗೆ ‘ನಮಸ್ಕಾರ’ ಮತ್ತು ‘ಧನ್ಯವಾದ’ ಎರಡು ಮಾತಿಗೆ ಮಾತ್ರ ಅಪ್ಪಣೆ.

ಬೆಳಿಗ್ಗೆ ಬಂದವರು ನೋಡಿ ಹೋದರು. ಮಧ್ಯಾಹ್ನದ ಹೊತ್ತಿಗೆ ಮೂವತ್ತೈದರ ಆಸುಪಾಸಿನ ಒಬ್ಬ ಗಂಡಸು ಮೆಟ್ಟಿಲು ಹತ್ತಿ ಬಂದು, ನಾನು ಮಹೇಶ, ನೀಲಿ ನೆರಳಿನ ಬಗ್ಗೆ ಬರೆದಿದ್ದೆನಲ್ಲ ಅಂದ. ನಾನು ನಮಸ್ಕಾರ ಅಂದೆ. ಅವನು ಒಂದೊಂದೇ ಚಿತ್ರ ನೋಡುತ್ತಾ ಹೋಗಿ, ಕೊನೆಯ ಗೋಡೆಯ ಒಂದು ಚಿತ್ರದ ಮುಂದೆ ನಿಂತ. ಮಂದೆಯೆಲ್ಲ ಮುಂದೆ ಹೋಗುತ್ತಿರುವಾಗ ಒಂದು ಕುರಿ ಕತ್ತು ತಿರುಗಿಸಿ ನಿಂತಿರುವ ಚಿತ್ರ. ಬಹಳ ಹೊತ್ತು ನಿಂತ. ಎಷ್ಟು ಕೆಜಿ ಅಂತ ಕೇಳಿಬಿಡುತ್ತಾನೋ ಅಂತ ನನ್ನ ಜೀವ ಹೊಡೆದುಕೊಳ್ಳುತ್ತಿತ್ತು.

“ಇದ್ರ ಮರಿ ಹಿಂದೆ ಉಳ್ಕಂಡೈತೆ, ಅಲ್ವಾ ಮೇಡಂ? ಬತ್ತಾ ಐತಾ ಅಂತ ನೋಡ್ತಾ ಐತೆ.”

ಆ ಮರಿಯನ್ನು ನಾನು ಚಿತ್ರದಲ್ಲಿ ಬರೆದಿಲ್ಲ. ಯಾರಿಗೂ ಹೇಳಿಯೂ ಇಲ್ಲ. ಹೌದು ಅಂತ ತಲೆಯಾಡಿಸಿದೆ. ಇದು ನನಗೆ ಬೇಕು ಮೇಡಂ ಅಂದ. ಸಿಂಧು ಓಡಿಬಂದು ಕೆಂಪು ಚುಕ್ಕಿ ಅಂಟಿಸಿದಳು. ಅವನು ಫೋನು ತೆಗೆದು ದುಡ್ಡು ಕಳಿಸಲು ಹೋದ. ಆ ಹಾಲಿನೊಳಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಫೋನಿನಲ್ಲಿ ಚಕ್ರ ತಿರುಗುತ್ತಾ ನಿಂತಿತು. ಎಲ್ಲರೂ ಆ ಚಕ್ರವನ್ನೇ ನೋಡುತ್ತಾ ನಿಂತೆವು. ಒಂದು ನಿಮಿಷ ಸುಮ್ಮನಿದ್ದೆ. ಎರಡು ನಿಮಿಷ ಸುಮ್ಮನಿದ್ದೆ. ನನ್ನಂಥವಳು ಎಷ್ಟು ಹೊತ್ತು ಅಂತ ಇರುವುದು ಹೇಳಿ?

“ಯಾವೂರಪ್ಪ ನಿಮ್ದು?” ಅಂದುಬಿಟ್ಟೆ.

ಸಿಂಧು ಕೆಮ್ಮಿದಳು. ಮೂಲೆಯಲ್ಲಿ ಪೇಪರು ಕೆಳಗಿಳಿಯಿತು. ಮರಳವಾಡಿ ತಾವ ಅಂದ ಮಹೇಶ. ಮರಳವಾಡಿಯಲ್ಲಿ ಯಾರ ಮನೆ ಅಂದೆ. ಹೇಳಿದ. ನನಗೆ ಗೊತ್ತಾಗಲಿಲ್ಲ. ತಾಯಿ ಕಡೆ ಕೇಳಿದೆ. ಗೊತ್ತಾಗಲಿಲ್ಲ. ಹೆಂಡತಿಯ ಊರು ಕೇಳಿದೆ, ಅಲ್ಲಿಯೂ ನಮ್ಮವರು ಯಾರೂ ಇಲ್ಲ. ನಮ್ಮನೆಯವರನ್ನು ಕೇಳಿದೆ, ಅವರು ಆ ಕಡೆ ಮೀಟರ್ ಓದಿಯೇ ಇಲ್ಲವಂತೆ. ಸಿಂಧುವಿನ ಮುಖದಲ್ಲಿ ಬೆಳಕು ಮೂಡಿತು. ಕೊನೆಗೂ ಒಬ್ಬ ಅಪ್ಪಟ ಹೊರಗಿನವನು, ನನ್ನ ನೆರಳಿನ ನೀಲಿ ಕಂಡವನು, ದುಡ್ಡು ಕೊಟ್ಟು ಚಿತ್ರ ಕೊಳ್ಳಲು ನಿಂತಿದ್ದಾನೆ. ನಾನು ಬಯಸಿದ್ದು ಇದನ್ನೇ ತಾನೆ? ದೇವರಿಗೆ ಕೈಮುಗಿದು ಸುಮ್ಮನಾಗಬೇಕಿತ್ತು. ಆದರೆ ನನಗೆ ಏನೋ ಅವಮಾನವಾದ ಹಾಗಾಯಿತು. ಇಲ್ಲೇ ಇರುವ ಮರಳವಾಡಿ! ನಮಗೆ ಏನೂ ಆಗದ ಒಬ್ಬ ಮನುಷ್ಯ ಅಲ್ಲಿ ಇರುವುದೆಂದರೇನು? ಇಷ್ಟು ವರ್ಷ ಬಾಳಿ ಬದುಕಿ ನಾವು ಸಂಪಾದಿಸಿದ್ದಾದರೂ ಏನು? ಅಷ್ಟರಲ್ಲಿ ನೆಟ್‌ವರ್ಕ್ ಬಂತು. ನಂಬರ್ ಹೇಳಿ ಮೇಡಂ ಅಂದ ಮಹೇಶ. ತಡಿಯಪ್ಪ ಒಂದು ನಿಮಿಷ ಅಂತ ನಾನು ಕಿಟಕಿ ಹತ್ತಿರ ಹೋಗಿ ದೊಡ್ಡಆಲಹಳ್ಳಿಗೆ, ನನ್ನ ಓರಗಿತ್ತಿಗೆ ಫೋನು ಹಚ್ಚಿದೆ.

ಓರಗಿತ್ತಿ ದನಕ್ಕೆ ನೀರು ಇಡುತ್ತಿದ್ದಳು. ನಾನು ಇಲ್ಲಿಂದ ಒಂದು ಹೆಸರು ಹೇಳಿದರೆ ಅವಳು ಅಲ್ಲಿಂದ ಎರಡು ಹೆಸರು ಹೇಳಿದಳು. ಮಹೇಶನನ್ನು ಕರೆದು ಅವನ ದೊಡ್ಡಪ್ಪ, ದೊಡ್ಡಮ್ಮ, ಅವರ ತಂಗಿಯರು ಅಂತ ಒಬ್ಬೊಬ್ಬರನ್ನೇ ಹೇಳಿಸಿದೆ. ಕೊನೆಗೆ ಸಿಕ್ಕಿತು. ಅವನ ದೊಡ್ಡಮ್ಮನ ತಂಗಿಯನ್ನು ಕೊಟ್ಟಿರುವ ಮನೆಯಿಂದಲೇ ನನ್ನ ಓರಗಿತ್ತಿಯ ಅಣ್ಣ ಹೆಣ್ಣು ತಂದಿರುವುದು! ನನಗೆ ಗೆದ್ದಷ್ಟು ಸಂತೋಷ. ನಾನು ನಿಂಗೆ ಅತ್ತೆ ಆಗಬೇಕು ಕಣಪ್ಪ ಅಂದೆ. ಮಹೇಶ ತನ್ನ ಫೋನು ನೋಡಿದ, ಚಿತ್ರ ನೋಡಿದ, ನನ್ನ ಮುಖ ನೋಡಿದ.

“ಸಂಬಂಧ ಒಸಿ ದೂರದ್ದೇ ಅಲ್ವಾ ಮೇಡಂ? ದುಡ್ಡು ಕೊಡಬೌದು ಅನ್ಸುತ್ತೆ” ಅಂದ ಮೆಲ್ಲಗೆ.

ಅವನ ಫೋನನ್ನು ನಾನೇ ಹಿಡಿದು ಜೇಬಿಗೆ ಇಳಿಸಿದೆ. ಮೇಡಂ ಅನ್ನಬೇಡ ಅಂದೆ. ನೆಂಟರ ಹತ್ತಿರ ಯಾರಾದರೂ ದುಡ್ಡು ಇಸಿದುಕೊಳ್ಳುತ್ತಾರಾ ಅಂದೆ. ಸಿಂಧು ಗೋಡೆಯಿಂದ ಕೆಂಪು ಚುಕ್ಕಿಯನ್ನು ಉಗುರಿನಿಂದ ಕಿತ್ತು, ಅದನ್ನು ನನ್ನ ಬಾಯಿಗೆ ಅಂಟಿಸುವವಳ ಹಾಗೆ ನೋಡಿದಳು. ಪಕ್ಕದ ಹೋಟೆಲಿನಿಂದ ತಟ್ಟೆ ಇಡ್ಲಿ ತರಿಸಿ ಅಳಿಯನಿಗೆ ತಿನ್ನಿಸಿದೆ. ನಮ್ಮನೆಯವರು ಎಲ್ಲಿಂದಲೋ ದಾರ ಸಂಪಾದಿಸಿ, ಪೇಪರಿನಲ್ಲಿ ಚಿತ್ರವನ್ನು ಸುತ್ತಿ ಕೊಟ್ಟರು. ಹೋಗುವಾಗ ಮಹೇಶ ಇನ್ನೊಮ್ಮೆ ಗೋಡೆಗಳ ಮೇಲೆಲ್ಲ ಕಣ್ಣಾಡಿಸಿ, ಎಲ್ಲ ಚೆನ್ನಾಗೈತೆ ಅತ್ತೆ ಅಂದ. ಅದು ಚಿತ್ರಕ್ಕೆ ಅಂದದ್ದೋ, ತಟ್ಟೆ ಇಡ್ಲಿಗೆ ಅಂದದ್ದೋ, ನನಗೆ ಗೊತ್ತಾಗಲಿಲ್ಲ. ಆ ರಾತ್ರಿ ಬಸ್ಸಿನಲ್ಲಿ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದಾಗಲೂ ನಮ್ಮನೆಯವರೇ ಹೇಳಿದರು.

ಮಹೇಶ ಮಾತ್ರ ಒಳ್ಳೆಯವನು. ತನ್ನ ಹೆಸರನ್ನು ಪಟ್ಟಿಯಿಂದ ತೆಗೆಸಲಿಲ್ಲ, ಹೊರಗಿನವನ ಹಾಗೇ ಓದಿಕೊಳ್ಳುತ್ತೇನೆ ಬಿಡಿ ಅಂದ. ಪುಕ್ಕಟೆ ಒಯ್ದದ್ದು ಅವನನ್ನು ಕೊರೆಯುತ್ತಿತ್ತು ಅಂತ ಕಾಣುತ್ತದೆ. ಹಿಂದೆ ಬಾಗಲಕೋಟೆಯಲ್ಲಿ ಕೆಲಸಕ್ಕಿದ್ದಾಗ ಪರಿಚಯವಾಗಿದ್ದ ಸುಮಿತ್ರಾ ಅನ್ನುವ ಮೇಷ್ಟ್ರಮ್ಮನಿಗೆ ನನ್ನ ಕಾಗದ ಕಳಿಸಿದ್ದಾನೆ. ಆಕೆ ಪಟ್ಟಿಗೆ ಸೇರಿದರು. ಎರಡು ಕಾಗದ ಓದಿದರು. ಮೂರನೆಯದಕ್ಕೆ, ಈ ಚಿತ್ರ ನಮಗೆ ಬೇಕು, ಹೇಗೆ ಕೊಳ್ಳುವುದು ತಿಳಿಸಿ ಅಂತ ಬರೆದರು. ಬಾಗಲಕೋಟೆ! ಅಲ್ಲಿ ನಮ್ಮ ಏಳು ತಲೆಮಾರಿನಲ್ಲಿ ಯಾರೂ ಹೆಣ್ಣು ಕೊಟ್ಟಿಲ್ಲ, ತಂದಿಲ್ಲ. ದುಡ್ಡು ಬಂದು ಬಿದ್ದ ಸದ್ದು ಫೋನಿನಲ್ಲಿ ಆದಾಗ ನಾನು ಹುರುಳಿಕಾಳು ಆರಿಸುತ್ತಿದ್ದೆ. ಮೊರ ಕೆಳಗಿಟ್ಟು, ಅಲ್ಲೇ ಕೂತು ಅತ್ತೆ. ನಾಚಿಕೆ ಏನು, ಹೇಳಿಬಿಡುತ್ತೇನೆ, ಚೆನ್ನಾಗಿ ಅತ್ತೆ. ನಮ್ಮನೆಯವರು ಬಂದು ಫೋನು ನೋಡಿ, ಮೊರ ಎತ್ತಿಕೊಂಡು ಹೋಗಿ ಕಾಳು ತಾವೇ ಆರಿಸಿದರು. ಕಲ್ಲು ಹಾಗೇ ಬಿಟ್ಟಿದ್ದರು, ಅದು ಬೇರೆ ಮಾತು.

ಚಿತ್ರ ಮುಟ್ಟಿದ ಮೇಲೆ ಸುಮಿತ್ರಾ ಅವರ ಈಮೇಲ್ ಬಂತು. ಕುರಿಗಳ ನೆರಳು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ, ಚಿತ್ರವನ್ನು ಮಗಳ ಕೋಣೆಯಲ್ಲಿ ಹಾಕಿದ್ದೇವೆ, ಅವಳು ಈ ವರ್ಷ ಎಂ.ಎಸ್ಸಿ. ಮುಗಿಸಿದಳು ಅಂತ ಬರೆದಿದ್ದರು. ಸಿಂಧು ತಕ್ಷಣ ಫೋನು ಮಾಡಿ, ಧನ್ಯವಾದ ಅಂತ ಬರೀರಿ ಅತ್ತೆ, ಅದರ ಮೇಲೆ ಒಂದಕ್ಷರ ಬೇಡ, ನಿಮ್ಮ ಪಟ್ಟಿಯಲ್ಲಿರುವ ನಿಜವಾದ ಗಿರಾಕಿ ಅವರೊಬ್ಬರೇ ಅಂತ ಬೇಡಿಕೊಂಡಳು. ಹಾಗೇ ಆಗಲಿ ಅಂದೆ. ಧನ್ಯವಾದ ಅಂತಲೇ ಬರೆದೆ. ಕಳಿಸುವ ಗುಂಡಿ ಒತ್ತಬೇಕು, ಅಷ್ಟರಲ್ಲಿ ಹೊಂಗನೂರಿನ ನಮ್ಮಣ್ಣನ ಮಗ ಕಣ್ಣ ಮುಂದೆ ಬಂದ. ರೇಷ್ಮೆ ಬೆಳೆಯುತ್ತಾನೆ, ಬೀಡಿ ಸಿಗರೇಟು ಮುಟ್ಟುವುದಿಲ್ಲ, ಬಂಗಾರದಂಥ ಹುಡುಗ. ಬೇಸಾಯದವನು ಅಂತ ಈ ಸೀಮೆಯಲ್ಲಿ ಒಬ್ಬರೂ ಹೆಣ್ಣು ಕೊಡುತ್ತಿಲ್ಲ. ಧನ್ಯವಾದದ ಕೆಳಗೆ, ಸುಮ್ಮನೆ, ಒಂದೇ ಒಂದು ಸಾಲು ಸೇರಿಸಿದೆ. ನಿಮ್ಮ ಮಗಳಿಗೆ ಗಂಡು ಏನಾದರೂ ನೋಡುತ್ತಿದ್ದೀರಾ?